ಕೇಳಿ, ಹೇಳ್ತೀನಿ

ಪ್ರಶ್ನೆ: ವಿಪ್ರೊ ಮೊದಲು ಎಣ್ಣೆ ಮಾಡುತ್ತಿತ್ತಂತೆ, ನಿಜವಾ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ನಿಜ. 1945ರಲ್ಲಿ ಮಹಾರಾಷ್ಟ್ರದ ಅಮಳನೇರ್‌ನಲ್ಲಿ ಶುರುವಾದದ್ದು ವನಸ್ಪತಿ ಕಾರ್ಖಾನೆ. ವೆಸ್ಟರ್ನ್ ಇಂಡಿಯಾ ವೆಜಿಟಬಲ್ ಪ್ರಾಡಕ್ಟ್ಸ್ ಅಂತ ಹೆಸರು. ಅದೇ ಚಿಕ್ಕದಾಗಿ ವಿಪ್ರೊ ಆಯಿತು. 1966ರಲ್ಲಿ ತಂದೆ ತೀರಿಕೊಂಡಾಗ ಅಜೀಂ ಪ್ರೇಮ್‌ಜಿ ಅವರಿಗೆ ಬರೀ 21 ವರ್ಷ. ಸ್ಟ್ಯಾನ್‌ಫರ್ಡ್ ಓದು ಬಿಟ್ಟು ಬಂದರು. ಕಂಪ್ಯೂಟರ್ ಬಂದದ್ದು ಆಮೇಲೆ. ಸರ್ಜಾಪುರ ರಸ್ತೆಯ ಆ ಕಚೇರಿ ಕಂಡಾಗಲೆಲ್ಲ ನನಗೆ ಎಣ್ಣೆ ಡಬ್ಬವೇ ನೆನಪಾಗುತ್ತದೆ. ನಮ್ಮಮ್ಮ ತರುತ್ತಿದ್ದ ಸಂತೂರ್ ಸೋಪೂ ಅವರದೇ, ಅಲ್ವಾ!

ಪ್ರಶ್ನೆ: ಮೊದಲ ಕನ್ನಡ ಟಾಕಿ ಬೆಂಗಳೂರಲ್ಲಿ ಎಲ್ಲಿ ತೆರೆಕಂಡಿತು?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ, 1934ರ ಮಾರ್ಚ್ 3ರಂದು. ‘ಸತಿ ಸುಲೋಚನ’. ಅದರ ಒಂದು ಪ್ರಿಂಟೂ ಉಳಿದಿಲ್ಲ. ನನಗೆ ತುಂಬಾ ಬೇಜಾರಾಗುವ ವಿಷಯ ಇದು.