ಪ್ರತಿ: 3,999ಕ್ಕೆ ವೀಡ್ ಕಟ್ಟರ್, ಹಣ ಮೊದಲೇ ಹಾಕಿ ಅಂತಿದ್ದಾರೆ, ನಂಬಬಹುದಾ?

ಬಹುತೇಕ ಅದು ನಕಲಿ ಆನ್‌ಲೈನ್ ಅಂಗಡಿಯೇ. ಪೆಟ್ರೋಲ್ ವೀಡ್ ಕಟ್ಟರ್ ಆ ಬೆಲೆಗೆ, ಅದೂ ಪೂರ್ತಿ ಹಣ ಮುಂಗಡ ಅಂದರೆ ಅನುಮಾನ ಪಡಲೇಬೇಕು.

ಸೈಟಿನ ಕೆಳಗಡೆ ಜಿಎಸ್‌ಟಿ ನಂಬರ್ ಹುಡುಕಿ. ಒಟ್ಟು 15 ಅಂಕಿ-ಅಕ್ಷರ ಇರಬೇಕು. ಅವರು ಕೊಟ್ಟಿರುವುದು ಶಿವಮೊಗ್ಗದ ವಿಳಾಸವಾದ್ದರಿಂದ ಕರ್ನಾಟಕದ ಕೋಡ್ ಆದ 29ರಿಂದಲೇ ಶುರುವಾಗಬೇಕು. ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಹಾಕಿ ನೋಡಿ, ಲಾಗಿನ್ ಬೇಡ. ಹೆಸರು, ವಿಳಾಸ ತಾಳೆಯಾಗದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ತಾಳೆಯಾದರೂ ಪೂರ್ತಿ ನಂಬಲಾಗದು, ಬೇರೆಯವರ ನಂಬರ್ ಕದ್ದು ಹಾಕಿರಬಹುದು. ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತುವ ಮುಂಚೆ ಕಾಣುವ ಹೆಸರು ಓದಿ. ಜಿಎಸ್‌ಟಿಯಲ್ಲಿದ್ದ ಹೆಸರು ಬಿಟ್ಟು ಇನ್ಯಾರದೋ ಬಂದರೆ ವಾಪಸ್ ಬನ್ನಿ. ನಿಮ್ಮ ಊರು ತೀರ್ಥಹಳ್ಳಿಗೆ ಕ್ಯಾಶ್ ಆನ್ ಡೆಲಿವರಿ ಕೊಡ್ತೀರಾ ಅಂತಲೂ ಕೇಳಿ.

ಈಗಾಗಲೇ ಹಣ ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.