ತೋಳದ ಹಗೆತನಕ್ಕೆ ಬಣ್ಣ ಇದೆಯಾ?

ಪ್ರಶ್ನೆ: ನಾನು ತತ್ವಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ‘ಇಂಟೆನ್ಷನಾಲಿಟಿ’ 19ನೇ ಶತಮಾನದ ಜರ್ಮನ್ ತತ್ವಜ್ಞಾನಿ ಬ್ರೆಂಟಾನೊನ ವಿಚಾರ ಅಂತ ಕ್ಲಾಸಿನಲ್ಲಿ ಹೇಳಿದರು. ಅರಬ್ಬಿಯಲ್ಲಿ ಬರೆದ ಪರ್ಷಿಯದ ತತ್ವಜ್ಞಾನಿ ಇಬ್ನ್ ಸೀನಾ ಅದನ್ನು ಎಂದೋ ಹೇಳಿದ್ದ ಅಂತ ಗೆಳತಿಯ ವಾದ. ಯಾರು ಸರಿ?

ಉತ್ತರ: ಪದದ ಮಟ್ಟಿಗೆ ಗೆಳತಿ ಗೆದ್ದಳು. ವಿಚಾರದ ಮಟ್ಟಿಗೆ ಅಷ್ಟು ಬೇಗ ಸೋಲೊಪ್ಪಬೇಡಿ.

ಇಲ್ಲಿ ‘ಇಂಟೆನ್ಷನ್’ ಅಂದರೆ ಉದ್ದೇಶ ಅಲ್ಲ. ಬರೀ ಭಯ ಅಂತ ಇರುವುದಿಲ್ಲ, ಯಾವುದರದ್ದೋ ಭಯ ಇರುತ್ತದೆ, ಅಲ್ವಾ? ಮನಸ್ಸಿನ ಈ ‘ಯಾವುದರದ್ದೋ’ ಗುಣವೇ ಇಂಟೆನ್ಷನಾಲಿಟಿ. ಮನಸ್ಸನ್ನು ಜಡವಸ್ತುವಿನಿಂದ ಬೇರೆ ಮಾಡುವ ಗುರುತು ಇದೇ ಅಂತ 1874ರಲ್ಲಿ ಬ್ರೆಂಟಾನೊ ಬರೆದ. ಮಾತು ಮಧ್ಯಯುಗದ ಯುರೋಪಿನ ಪಂಡಿತರದು ಅಂತಲೂ ಅವನೇ ಹೇಳಿದ್ದಾನೆ.

ಆ ಪಂಡಿತರಿಗೆ ಅದು ಸಿಕ್ಕಿದ್ದು ಅರಬ್ಬಿಯಿಂದ. ಇಬ್ನ್ ಸೀನಾನ (980–1037) ಕುರಿಯನ್ನು ನೋಡಿ. ತೋಳ ಎದುರಿಗಿದೆ. ಕಣ್ಣಿಗೆ ಬೀಳುವುದು ಬಣ್ಣ, ಆಕಾರ, ಚಲನೆ ಅಷ್ಟೆ. ಹಗೆತನಕ್ಕೆ ಬಣ್ಣ ಎಲ್ಲಿದೆ? ಆದರೂ ಕುರಿ ಓಟ ಕೀಳುತ್ತದೆ. ಕಣ್ಣು ಕಿವಿಗೆ ಸಿಗದ ಏನೋ ಒಂದು ಅದಕ್ಕೆ ಸಿಕ್ಕಿದೆ. ಅದಕ್ಕೆ ಅವನು ‘ಮಅನಾ’ ಅಂದ. ಉರ್ದುವಿನಲ್ಲಿ ಅರ್ಥಕ್ಕೆ ‘ಮಾನೀ’ ಅನ್ನುತ್ತಾರಲ್ಲ, ಅದೇ ಪದ. ಅದನ್ನು ಹಿಡಿಯುವ ಶಕ್ತಿ ‘ವಹ್ಮ್’. (ಪಾಪ, ಉರ್ದುವಿಗೆ ಬರುವ ಹೊತ್ತಿಗೆ ಇದು ಬರೀ ಭ್ರಮೆ, ಸಂಶಯ ಆಗಿಬಿಟ್ಟಿದೆ.) 12ನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಅವನ ಈ ಬರಹ ಲ್ಯಾಟಿನ್‌ಗೆ ಅನುವಾದವಾದಾಗ ‘ಮಅನಾ’ ಹೋಗಿ ‘ಇಂಟೆನ್ಷಿಯೊ’ ಆಯಿತು.

ನನ್ನ ತಕರಾರು ಇಲ್ಲೇ. ಈ ಮಅನಾ ಇರುವುದು ತೋಳದಲ್ಲಿ. ಕುರಿ ಅದನ್ನು ಗ್ರಹಿಸುತ್ತದೆ. ಬ್ರೆಂಟಾನೊ ಹೇಳುವುದು ಕುರಿಯ ಮನಸ್ಸಿನ ಗುಣ. ತೋಳವೇ ಇಲ್ಲದೆ ಸುಮ್ನೆ ಬೆದರಿದರೂ ಅದು ತೋಳದ ಭಯವೇ. ಅವನ ನಂತರದವರು ತಲೆ ಕೆಡಿಸಿಕೊಂಡದ್ದು ಈ ಇಲ್ಲದ ತೋಳದ ಬಗ್ಗೆಯೇ ಜಾಸ್ತಿ. ಹೊರಗೆ ಇಲ್ಲದ್ದೂ ಮನಸ್ಸಿನಲ್ಲಿ ಇರಬಹುದು ಅಂತ ಇಬ್ನ್ ಸೀನಾನೂ ಹೇಳುತ್ತಾನೆ, ನಿಜ. ಆದರೆ ಅದು ಬೇರೆ ಕಡೆ, ಕುರಿಯ ಪ್ರಸಂಗದಲ್ಲಲ್ಲ.

ಗೆಳತಿ ಇಷ್ಟಕ್ಕೆ ಬಿಡಲಿಕ್ಕಿಲ್ಲ. ಇಬ್ನ್ ಸೀನಾನ ‘ತೇಲುವ ಮನುಷ್ಯ’ನನ್ನು ತರುತ್ತಾಳೆ ನೋಡಿ: ಗಾಳಿಯಲ್ಲಿ ತೇಲುತ್ತಾ, ಕಣ್ಣಿಗೆ ಪರದೆ, ಕೈಕಾಲು ಒಂದಕ್ಕೊಂದು ತಾಗದಂತೆ ಸೃಷ್ಟಿಯಾದವನಿಗೂ ‘ನಾನಿದ್ದೇನೆ’ ಅಂತ ಗೊತ್ತಿರುತ್ತದೆ. ಆಗ ನೀವು ಕೇಳಿ: ಅವನೆದುರು ತೋಳ ಇಲ್ಲ, ಏನೂ ಇಲ್ಲ. ಅದು ಯಾವುದರ ಅರಿವು? ಇಬ್ನ್ ಸೀನಾನ ಪ್ರಕಾರ ತನ್ನದೇ ಅರಿವು, ನಡುವೆ ಯಾವ ದಲ್ಲಾಳಿಯೂ ಬೇಕಿಲ್ಲ.