‘ಆಪರೇಷನ್ ಕಮಲ’ ಅಂದರೆ ಯಾವುದು, ಯಾವುದಲ್ಲ

ಪ್ರಶ್ನೆ: ಯಾವ ಶಾಸಕರು ಪಕ್ಷ ಬಿಟ್ಟರೂ ಟಿವಿಯಲ್ಲಿ ‘ಆಪರೇಷನ್ ಕಮಲ’ ಎನ್ನುತ್ತಾರೆ. ಈ ಮಾತು ಬಂದದ್ದು ಎಲ್ಲಿಂದ? ಪಕ್ಷಾಂತರ ನಿಷೇಧ ಕಾಯ್ದೆ ಇದ್ದೂ ಇದು ನಡೆಯುವುದು ಹೇಗೆ?

ಉತ್ತರ: ನಮ್ಮ ರಾಜ್ಯದಿಂದಲೇ, 2008ರಲ್ಲಿ. ಆ ಸಲ 224ರಲ್ಲಿ ಬಿಜೆಪಿ ಗೆದ್ದದ್ದು 110. ಬಹುಮತಕ್ಕೆ ಮೂರು ಕಡಿಮೆ. ಪಕ್ಷೇತರರ ಬೆಂಬಲದಿಂದ ಯಡಿಯೂರಪ್ಪ ಸರ್ಕಾರ ರಚಿಸಿದರು. ಬಳಿಕ ಕಾಂಗ್ರೆಸ್ ಮತ್ತು ಜೆಡಿಎಸ್‌ನ ಕೆಲವು ಶಾಸಕರು ರಾಜೀನಾಮೆ ಕೊಟ್ಟು ಕಮಲದ ಗುರುತಿನಲ್ಲಿ ಉಪಚುನಾವಣೆಗೆ ನಿಂತರು. ಡಿಸೆಂಬರ್‌ನಲ್ಲಿ ಎಂಟು ಕ್ಷೇತ್ರಗಳಿಗೆ ಉಪಚುನಾವಣೆ ನಡೆದು, ಐದು ಬಿಜೆಪಿಗೆ ಬಂದವು. ವಿರೋಧಿಗಳ ಬಾಯಲ್ಲಿ ಈ ಮಾತು ಆರೋಪ. ಬಿಜೆಪಿಯವರು ‘ಅವರಾಗಿಯೇ ಬಂದರು’ ಎನ್ನುತ್ತಾರೆ.

ಇದರ ಜೀವಾಳ ರಾಜೀನಾಮೆ. ಪಕ್ಷ ತೊರೆದವರನ್ನೂ ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿದವರನ್ನೂ ಅನರ್ಹಗೊಳಿಸುವ ಸಂವಿಧಾನದ ಹತ್ತನೇ ಅನುಸೂಚಿ 1985ರಲ್ಲಿ ಬಂತು. ಮೂರನೇ ಒಂದರಷ್ಟು ಶಾಸಕರು ಒಡೆದು ಹೋಗುವ ಅವಕಾಶವನ್ನು 2003ರ ತಿದ್ದುಪಡಿ ಕಿತ್ತುಹಾಕಿತು. ಉಳಿದದ್ದು ವಿಲೀನ, ಅದಕ್ಕೆ ಮೂರನೇ ಎರಡರಷ್ಟು ಜನ ಬೇಕು. ರಾಜೀನಾಮೆಗೆ ಅಂಥ ಲೆಕ್ಕವಿಲ್ಲ, ಒಬ್ಬರೇ ಕೊಟ್ಟರೂ ನಡೆಯುತ್ತದೆ. ಸ್ಥಾನ ಖಾಲಿಯಾದಷ್ಟೂ ಬಹುಮತದ ಗೆರೆ ಕೆಳಗಿಳಿಯುತ್ತದೆ: 224ರಲ್ಲಿ 113 ಬೇಕು, 17 ಖಾಲಿಯಾದರೆ 207ರಲ್ಲಿ 104 ಸಾಕು. ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಉರುಳಿದ 2019ರಲ್ಲಿ ಬಿಜೆಪಿ ಬಳಿ 105 ಇತ್ತು.

ಎಡವುವುದು ಸ್ಪೀಕರ್ ಮುಂದೆ. ರಾಜೀನಾಮೆ ಸ್ವಇಚ್ಛೆಯದು, ನೈಜವಾದದ್ದು ಎಂದು ಅವರಿಗೆ ಮನವರಿಕೆಯಾಗಬೇಕು, ಇಲ್ಲದಿದ್ದರೆ ತಿರಸ್ಕರಿಸಬಹುದು. 2019ರಲ್ಲಿ ಸ್ಪೀಕರ್ ರಮೇಶ್ ಕುಮಾರ್ ಮೈತ್ರಿ ಸರ್ಕಾರದ ವಿರುದ್ಧ ಬಂಡೆದ್ದ 17 ಶಾಸಕರನ್ನು ವಿಧಾನಸಭೆಯ ಅವಧಿ ಮುಗಿಯುವವರೆಗೂ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಬಿಟ್ಟಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮತದಾನ ನಡೆದು ಬಿಜೆಪಿ 12 ಗೆದ್ದಿತು. ಅನರ್ಹರಾದವರು ಮತ್ತೆ ಗೆಲ್ಲುವ ತನಕ ಮಂತ್ರಿಯಾಗುವಂತಿಲ್ಲ. ಹಾಗಾಗಿ ಉಪಚುನಾವಣೆಯಲ್ಲಿ ಸೋತವರಿಗೆ, ವಿಧಾನ ಪರಿಷತ್ತಿಗಾದರೂ ಚುನಾಯಿತರಾಗುವ ತನಕ, ಆ ದಾರಿಯೂ ಬಂದ್.

2020ರಲ್ಲಿ ಮಧ್ಯಪ್ರದೇಶದ 22 ಕಾಂಗ್ರೆಸ್ ಶಾಸಕರ ರಾಜೀನಾಮೆ ಇದೇ ಮಾದರಿ. ಅವರಲ್ಲಿ ಬಹುತೇಕರು ಬೀಡುಬಿಟ್ಟಿದ್ದೂ ಬೆಂಗಳೂರಲ್ಲೇ! 2022ರ ಮಹಾರಾಷ್ಟ್ರದ್ದು ಬೇರೆ. ಅಲ್ಲಿ ಶಿವಸೇನೆಯಿಂದ ಬಂಡೆದ್ದ ಏಕನಾಥ ಶಿಂದೆ ಬಣ ರಾಜೀನಾಮೆ ಕೊಡದೆ, ತಾನೇ ನಿಜವಾದ ಶಿವಸೇನೆ ಎಂದಿತು. ಅದಕ್ಕೂ ಈ ಹೆಸರು ಅಂಟಿಸಿದರೆ ಕಾನೂನಿನ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗುತ್ತವೆ. ಕಾಂಗ್ರೆಸ್ ಬೇರೆಯವರನ್ನು ಸೆಳೆದಾಗ ‘ಆಪರೇಷನ್ ಹಸ್ತ’ ಎನ್ನುವುದುಂಟು. ಅಲ್ಲೂ ಮೊದಲು ನೋಡಬೇಕಾದದ್ದು, ರಾಜೀನಾಮೆ ಪತ್ರ ಸ್ಪೀಕರ್ ಕೈ ಸೇರಿದೆಯೇ ಎಂಬುದನ್ನು.